ಗಾಡಿಯ ಅಡಿಯಿಂದ ಬರುವ ಸದ್ದು

ವಾಷಿಂಗ್ಟನ್ನಿನ ಆಸುಪಾಸಿನಲ್ಲಿಯೂ ಅಟ್ಲಾಂಟಾದಲ್ಲಿಯೂ ಎರಡು ಕ್ಯಾರೋಲೈನಾಗಳಲ್ಲಿಯೂ ನೆಲಸಿರುವ ಕನ್ನಡಿಗರು ಈ ಅಂಕಣಕ್ಕೆ ಬರೆಯುವ ಪತ್ರಗಳಲ್ಲಿ, ಕಾವೇರಿ, ನೃಪತುಂಗ, ಸಂಪಿಗೆ ಮೊದಲಾದ ಕೂಟಗಳ ಹಬ್ಬದೂಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವರು ಆಡುವ ಮಾತುಗಳಲ್ಲಿ, ಮರಳಿ ಮರಳಿ ಬರುವ ಪ್ರಶ್ನೆಯೊಂದುಂಟು: ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹರಿಯುವ ನಮ್ಮ ಗಾಡಿಯು ಈಚೆಗೆ ಅಡಿಯಿಂದ ಸದ್ದುಮಾಡುತ್ತಿದೆ, ಗ್ಯಾರೇಜಿನವರು ಸಾವಿರಾರು ಡಾಲರುಗಳ ಲೆಕ್ಕ ಹೇಳುತ್ತಿದ್ದಾರೆ, ಮಾಡಿಸಬೇಕೆ, ಬಿಡಬೇಕೆ? ಇದಕ್ಕೆ ನಾನು ಕೊಡುವ ಉತ್ತರ ಪ್ರತಿಬಾರಿಯೂ ಒಂದು ಮರುಪ್ರಶ್ನೆಯೇ ಆಗಿರುತ್ತದೆ. ಆ ಸದ್ದು ಹುಟ್ಟುವುದು ಯಾವಾಗ? ಎಷ್ಟು ವೇಗದಲ್ಲಿ, ಕಾಲು ಆಕ್ಸಿಲರೇಟರಿನ ಮೇಲಿರುವಾಗಲೋ ತೆಗೆದಾಗಲೋ, ನೆಟ್ಟನೆಯ ದಾರಿಯಲ್ಲೋ ತಿರುವಿನಲ್ಲೋ, ಗಾಡಿ ತಣ್ಣಗಿರುವಾಗಲೋ ನೂರು ಮೈಲಿ ಓಡಿದ ಮೇಲೋ? ಇಷ್ಟನ್ನು ನಿಶ್ಚಯವಾಗಿ ಹೇಳಬಲ್ಲವರು ಬಹು ವಿರಳ. ಹೇಳಬಲ್ಲವರ ಗಾಡಿಯಾದರೋ ಬಹುಮಟ್ಟಿಗೆ ಅಲ್ಪ ವೆಚ್ಚದಲ್ಲಿಯೇ ಸರಿಹೋಗುವುದನ್ನು ನಾನು ಕಂಡಿದ್ದೇನೆ.

ಹಿಮವೆಂಬುದು ವರ್ಷಕ್ಕೆ ಕೆಲವೇ ದಿನಗಳ ಅತಿಥಿಯಾಗಿರುವ ಈ ಸೀಮೆಯಲ್ಲಿ ನಮ್ಮವರು ಇಂಥ ಗಾಡಿಗಳನ್ನು ಇಷ್ಟೊಂದಾಗಿ ಕೊಂಡುದಕ್ಕೆ ಕಾರಣ ಭಯವೇ ಎಂದು ನನ್ನ ನಂಬಿಕೆ. 2010ರ ಫೆಬ್ರವರಿಯಲ್ಲಿ ವಾಷಿಂಗ್ಟನ್ನನ್ನು ಹೂತುಹಾಕಿದ ಹಿಮಪಾತಗಳನ್ನೂ, 2014ರ ಜನವರಿ 28ರಂದು ಮೂರು ಅಂಗುಲಕ್ಕೂ ಕಡಿಮೆ ಬಿದ್ದ ಹಿಮಕ್ಕೆ ಅಟ್ಲಾಂಟಾದ ಹೆದ್ದಾರಿಗಳೆಲ್ಲ ಹೆಪ್ಪುಗಟ್ಟಿ ಮಕ್ಕಳು ಶಾಲೆಗಳಲ್ಲಿಯೇ ರಾತ್ರಿ ಕಳೆಯಬೇಕಾಗಿ ಬಂದುದನ್ನೂ ಅನುಭವಿಸಿದ ತಂದೆತಾಯಿಗಳು ಮುಂದಿನ ಗಾಡಿ ಕೊಳ್ಳುವಾಗ ಎರಡು ಚಕ್ರದ ಚಾಲನೆಯಲ್ಲಿ ತೃಪ್ತರಾಗದಿದ್ದರೆ ಅವರನ್ನು ಯಾರೂ ಆಕ್ಷೇಪಿಸುವಂತಿಲ್ಲ. ಆದರೆ ಆ ಕೆಲವು ದಿನಗಳ ಅಭಯಕ್ಕಾಗಿ ವರ್ಷವಿಡೀ ತಿರುಗುವ ಅದೆಷ್ಟೋ ಹೆಚ್ಚಿನ ದಂತಚಕ್ರಗಳನ್ನೂ ಸಂಧಿಗಳನ್ನೂ ಬೇರಿಂಗುಗಳನ್ನೂ ನಾವು ಮನೆಗೆ ತಂದುಕೊಂಡಿದ್ದೇವೆಂಬುದು ಅನೇಕರ ಗಮನಕ್ಕೆ ಬರುವುದು ಅವು ದನಿಯೆತ್ತಿದಾಗಲೇ.

ಈ ಗಾಡಿಗಳ ವಂಶವು ನಮ್ಮ ನೆರೆಯಲ್ಲಿಯೇ ಮೊದಲಾಯಿತೆಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರು ರೂಪಿಸಿದ ಮೊತ್ತಮೊದಲ ಮಾದರಿಯನ್ನು ಪೆನ್ಸಿಲ್ವೇನಿಯಾದ ಬಟ್ಲರ್ ಊರಿನ ಬ್ಯಾಂಟಮ್ ಕಂಪನಿಯವರು ರಸ್ತೆಯ ಮೇಲೆಯೇ ಓಡಿಸಿಕೊಂಡು ಬಂದು 1940ರ ಸೆಪ್ಟೆಂಬರ್ 23ರಂದು ಬಾಲ್ಟಿಮೋರಿನ ಹೋಲಾಬರ್ಡ್ ಸೈನಿಕ ಶಿಬಿರಕ್ಕೆ ಒಪ್ಪಿಸಿದರು. ಮುಂದೆ ಜೀಪೆಂದು ಜಗತ್ತೆಲ್ಲ ಕರೆದದ್ದು ಆ ಸಂತತಿಯನ್ನೇ. ಅದರ ಆಕ್ಸಲುಗಳನ್ನು ಒದಗಿಸಿದ ಸ್ಪೈಸರ್ ಕಂಪನಿಯನ್ನು ಸ್ಥಾಪಿಸಿದ ಕ್ಲಾರೆನ್ಸ್ ಸ್ಪೈಸರ್ ಮೋಟಾರು ಗಾಡಿಗೆ ಹೊಂದುವ ಯೂನಿವರ್ಸಲ್ ಜಾಯಿಂಟಿಗೆ 1903ರಲ್ಲಿ ಪೇಟೆಂಟು ಪಡೆದವನು. ಎರಡನೆಯ ಮಹಾಯುದ್ಧವು ಮುಗಿದ ಕೆಲವೇ ವರ್ಷಗಳಲ್ಲಿ ಮಹೀಂದ್ರ ಕಂಪನಿಯವರು ವಿಲ್ಲಿಸ್ ಜೀಪನ್ನು ಭಾರತದಲ್ಲಿ ಜೋಡಿಸತೊಡಗಿದರು. ಕೊಡಗು, ಸಕಲೇಶಪುರ, ಮೂಡಿಗೆರೆಗಳ ಕಾಫಿತೋಟಗಳಲ್ಲಿ ಅದು ಮನೆಯ ಸದಸ್ಯನಂತೆ ಸೇರಿಹೋದದ್ದು ನಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಕಂಡ ಸಂಗತಿ. ಆ ಜೀಪಿನ ಟ್ರಾನ್ಸ್‌ಫರ್ ಕೇಸಿನೊಳಗೆ ಹಲ್ಲಿಗೆ ಹಲ್ಲು ಕೊಟ್ಟು ತಿರುಗುತ್ತಿದ್ದ ಗೇರುಗಳು ಆರೋಗ್ಯವಾಗಿದ್ದಾಗಲೂ ಊಳಿಡುತ್ತಿದ್ದವು. ಮಲೆನಾಡಿನ ಮೇಸ್ತ್ರಿಯಾದರೋ ಆ ಊಳಿನ ನಡುವೆಯೂ ಕೆಟ್ಟ ಬೇರಿಂಗಿನ ದನಿಯನ್ನು ಬೇರ್ಪಡಿಸಬಲ್ಲವನಾಗಿದ್ದನು. ಗಾಡಿಯನ್ನು ಜಾಕಿನ ಮೇಲೆತ್ತಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಹೌಸಿಂಗಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ ಆತನಿಂದಲೇ ಯಂತ್ರವನ್ನು ಬಿಚ್ಚುವ ಮೊದಲು ಕೇಳಬೇಕೆಂಬುದನ್ನು ನಾನು ಕಲಿತದ್ದು.

ಇಂದಿನ ಗಾಡಿಗಳಲ್ಲಿ ಬಲವು ಹರಿಯುವ ಮಾರ್ಗ ಹೆಚ್ಚೇನೂ ಬದಲಾಗಿಲ್ಲ. ಎಂಜಿನ್ನಿನಿಂದ ಗೇರ್‌ಬಾಕ್ಸಿಗೆ, ಅಲ್ಲಿಂದ ಟ್ರಾನ್ಸ್‌ಫರ್ ಕೇಸಿಗೆ ಬಂದ ಬಲವು ಎರಡಾಗಿ ಒಡೆದು, ಒಂದು ಪ್ರೊಪೆಲರ್ ಶಾಫ್ಟಿನ ಮೂಲಕ ಮುಂದಕ್ಕೂ ಮತ್ತೊಂದರ ಮೂಲಕ ಹಿಂದಕ್ಕೂ ಹೋಗಿ, ಅಲ್ಲಲ್ಲಿಯ ಡಿಫರೆನ್ಷಿಯಲ್ಲಿನ ಕ್ರೌನು ಪಿನಿಯನ್ನುಗಳಲ್ಲಿ ದಿಕ್ಕು ಬದಲಿಸಿ, ಆಕ್ಸಲುಗಳಿಗಿಳಿದು ಚಕ್ರವನ್ನು ಸೇರುತ್ತದೆ. ಈ ಡಿಫರೆನ್ಷಿಯಲ್ಲಿನ ಪ್ರಯೋಜನವನ್ನು ತಿಳಿಯಬೇಕಾದವರು ರಥಬೀದಿಯ ಮೂಲೆಯಲ್ಲಿ ತೇರು ಹೊರಳುವುದನ್ನು ನೆನೆಯಬೇಕು: ಒಳಮೈಯ ಗಾಲಿ ನಿಂತಲ್ಲೇ ತಿಣುಕುತ್ತಿರಲು ಹೊರಮೈಯ ಗಾಲಿ ದೊಡ್ಡ ಸುತ್ತನ್ನು ಸುತ್ತಬೇಕಾಗುತ್ತದೆ. ಮೋಟಾರು ಗಾಡಿಯಲ್ಲಿ ಎಡಬಲ ಚಕ್ರಗಳ ಈ ವ್ಯತ್ಯಾಸವನ್ನು ಆಕ್ಸಲಿನ ನಡುವಿನ ಡಿಫರೆನ್ಷಿಯಲ್ ತಾಳಿಕೊಳ್ಳುತ್ತದೆ. ಆದರೆ ತಿರುವಿನಲ್ಲಿ ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ದಾರಿಯ ಉದ್ದ ಬೇರೆಯಷ್ಟೆ. ಜೀಪ್ ರ್ಯಾಂಗ್ಲರಿನ ಬಹುಪಾಲು ಮಾದರಿಗಳಲ್ಲಿಯೂ ಟೊಯೋಟಾ ಟಕೋಮಾದಂಥ ಗಾಡಿಗಳಲ್ಲಿಯೂ ಫೋರ್‌ವೀಲ್ ಹಾಕಿದೊಡನೆ ಮುಂದೂ ಹಿಂದೂ ಬಿಗಿಯಾಗಿ ಒಂದಕ್ಕೊಂದು ಬೆಸೆದುಕೊಳ್ಳುವುದರಿಂದ ಈ ಎರಡನೆಯ ವ್ಯತ್ಯಾಸವನ್ನು ತಾಳುವ ಅಂಗವೇ ಅಲ್ಲಿಲ್ಲ.

ನನ್ನ ಬಳಿಗೆ ಬರುವ ಅಂಜಿಕೆಗಳಲ್ಲಿ ದೊಡ್ಡದೊಂದು ಪಾಲು ಇಲ್ಲಿಯೇ ಬಗೆಹರಿಯುತ್ತದೆ. ಬೆಳಗ್ಗೆ ಹಿಮವಿತ್ತೆಂದು ಫೋರ್‌ವೀಲ್ ಹಾಕಿದವರು ಮಧ್ಯಾಹ್ನ ಒಣಗಿದ ಡಾಂಬರಿನ ಪಾರ್ಕಿಂಗ್ ಜಾಗದಲ್ಲಿ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗ ಗಾಡಿ ಮುಗ್ಗರಿಸುತ್ತದೆ, ಟೈರುಗಳು ಜಿಗಿಯುತ್ತವೆ, ಅಡಿಯಲ್ಲಿ ಢಣ್ ಎಂದು ಏನೋ ಬಿಟ್ಟುಕೊಂಡ ಸದ್ದಾಗುತ್ತದೆ. ಇದು ರೋಗವಲ್ಲ, ಜಾರಲೆಡೆಯಿಲ್ಲದ ನೆಲದ ಮೇಲೆ ಶಾಫ್ಟುಗಳು ಮುರಿಗೆಗೊಂಡು, ಆ ಮುರಿಗೆಯು ಒಮ್ಮೆಲೇ ಸಡಿಲಗೊಂಡುದರ ಘೋಷ. ಕೈಪಿಡಿಯಲ್ಲಿ ಒಣರಸ್ತೆಯಲ್ಲಿ ಈ ಗೇರನ್ನು ಬಳಸಬೇಡಿರೆಂದು ಸ್ಪಷ್ಟವಾಗಿ ಬರೆದಿರುತ್ತದೆ. ಟೂವೀಲಿಗೆ ಮರಳಿಸಿ ಕೆಲವು ಅಡಿ ಹಿಂದಕ್ಕೆ ನಡೆಸಿದರೆ ಬಿಗಿ ಬಿಡುತ್ತದೆ. ಹಾಗೆ ಬಿಡದೆ ತಿಂಗಳುಗಟ್ಟಲೆ ನಡೆಸಿದವರ ಗಾಡಿಯಲ್ಲಿ ಮಾತ್ರ ಟ್ರಾನ್ಸ್‌ಫರ್ ಕೇಸಿನೊಳಗಿನ ಚೈನು ಜೋಲುಬಿದ್ದು, ಭಾರ ಬಿದ್ದಾಗಲೆಲ್ಲ ಕಟಕಟನೆ ಹಲ್ಲು ಹಾರುವ ಸ್ಥಿತಿ ಬರುತ್ತದೆ.

ನಿಜವಾದ ದೋಷಗಳಿಗೆ ಬಂದರೆ, ಮೊದಲು ಟೈರನ್ನು ಸಂಶಯಿಸತಕ್ಕದ್ದು. ಒಂದೇ ಸ್ಥಾನದಲ್ಲಿ ಬಹುಕಾಲ ಓಡಿ ಅಲೆಯಲೆಯಾಗಿ ಸವೆದ ಟೈರು ಎಬ್ಬಿಸುವ ಗುಂಯ್‌ಕಾರವು ಕೆಟ್ಟ ಬೇರಿಂಗಿನ ದನಿಯನ್ನು ಎಷ್ಟು ನಿಕಟವಾಗಿ ಹೋಲುತ್ತದೆಂದರೆ, ಅನುಭವಿಗಳೂ ಮೋಸಹೋಗುವುದುಂಟು. ಆದರೆ ಅಟ್ಲಾಂಟಾದಿಂದ ಗ್ರೀನ್‌ವಿಲ್, ಷಾರ್ಲಟ್ ದಾಟಿ ಡರಮ್ಮಿನ ಕಡೆಗೆ ಹೋಗುವ 85ನೆಯ ಹೆದ್ದಾರಿಯಂಥ ದೀರ್ಘ ಪಯಣದಲ್ಲಿ ಕಾಂಕ್ರೀಟಿನ ಹಾಸು ಮುಗಿದು ಡಾಂಬರು ಬಂದೊಡನೆ ಸದ್ದಿನ ಸ್ವರ ಬದಲಾದರೆ ಅದು ಟೈರಿನದೇ ಎಂದು ಬಹುಮಟ್ಟಿಗೆ ನಂಬಬಹುದು; ಮುಂದಿನ ಟೈರುಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿಸಿದಾಗ ಸದ್ದೂ ಸ್ಥಾನಪಲ್ಲಟ ಮಾಡಿದರೆ ಸಂಶಯವೇ ಉಳಿಯುವುದಿಲ್ಲ. ನೆಲದ ಹಾಸು ಬದಲಾದರೂ ಬದಲಾಗದೆ, ಹೆದ್ದಾರಿಯ ನಿಡಿದಾದ ಎಡತಿರುವಿನಲ್ಲಿ ಏರಿ, ಬಲತಿರುವಿನಲ್ಲಿ ಇಳಿಯುವ ಗರಗರ ದನಿ ಚಕ್ರದ ಬೇರಿಂಗಿನದು. ಎಡಕ್ಕೆ ತಿರುಗುವಾಗ ಭಾರವು ಬಲಕ್ಕೆ ವಾಲುವುದರಿಂದ ಅಲ್ಲಿ ಸಾಮಾನ್ಯವಾಗಿ ನೋಡಬೇಕಾದುದು ಬಲಗಡೆಯ ಬೇರಿಂಗನ್ನು.

ಕ್ರೌನು ಪಿನಿಯನ್ನಿನ ದನಿಯ ಸ್ವಭಾವವೇ ಬೇರೆ. ಅದು ತಿರುವನ್ನಾಗಲಿ ನೆಲವನ್ನಾಗಲಿ ಗಣಿಸದೆ ಕೇವಲ ಆಕ್ಸಿಲರೇಟರಿನ ಮೇಲಿನ ಕಾಲನ್ನು ಅನುಸರಿಸುತ್ತದೆ. ನಿರ್ದಿಷ್ಟ ವೇಗದಲ್ಲಿ, ಬಲ ಕೊಟ್ಟಾಗ ಊಳಿಟ್ಟು ಕಾಲು ತೆಗೆದೊಡನೆ ಸುಮ್ಮನಾಗಬಹುದು, ಅಥವಾ ಬಲ ಕೊಟ್ಟಾಗ ಮೌನವಾಗಿದ್ದು ಕಾಲು ತೆಗೆದಾಗ ಕೂಗಬಹುದು; ಹಲ್ಲಿನ ಒಂದು ಮೈ ಬಲ ಹೊರುವಾಗ ದುಡಿಯುತ್ತದೆ, ಇನ್ನೊಂದು ಮೈ ಎಂಜಿನ್ನು ಗಾಡಿಯನ್ನು ತಡೆಹಿಡಿಯುವಾಗ ದುಡಿಯುತ್ತದೆ. ಇದನ್ನು ಆಲಿಸುವುದಕ್ಕೆ ಶೆನಂಡೋವದ ಸ್ಕೈಲೈನ್ ಡ್ರೈವಿಗಿಂತ ಒಳ್ಳೆಯ ಜಾಗವನ್ನು ನಾನರಿಯೆ. ಫ್ರಂಟ್ ರಾಯಲಿನಿಂದ ರಾಕ್‌ಫಿಶ್ ಗ್ಯಾಪಿನವರೆಗೆ 105 ಮೈಲಿ, ಎಲ್ಲಿಯೂ ಗಂಟೆಗೆ 35 ಮೈಲಿಯ ಮಿತಿ, ದೀರ್ಘವಾದ ಏರು, ದೀರ್ಘವಾದ ಇಳಿತ, ಹೊರಗೆ ಕಾಡಿನ ಮೌನ. ಊರಿನಿಂದ ಬಂದ ತಂದೆತಾಯಿಗಳಿಗೆ ಅಕ್ಟೋಬರಿನ ಎಲೆಬಣ್ಣ ತೋರಿಸಲು ಹೋದವರು ಹಿಂತಿರುಗುವಾಗ ಕಿಟಕಿಯ ಗಾಜಿಳಿಸಿ, ಹಾಡು ನಿಲ್ಲಿಸಿ, ಇಳಿಜಾರಿನಲ್ಲಿ ಗೇರನ್ನು ಕೆಳಗಿಳಿಸಿ ಕಾಲು ತೆಗೆದು ಕೇಳಲಿ. ಆಗ ಹಿಂದಿನಿಂದ ಕೇಳಿಬರುವ ಊಳು ಪಿನಿಯನ್ನಿನ ಬೇರಿಂಗು ಸಡಿಲಗೊಂಡಿರುವುದಕ್ಕೆ ಪ್ರಬಲವಾದ ಸೂಚನೆ. ಬೇಗನೆ ತೋರಿಸಿದರೆ ಬೇರಿಂಗಿನಲ್ಲಿ ಮುಗಿಯುತ್ತದೆ, ತಡಮಾಡಿದರೆ ಕ್ರೌನು ಪಿನಿಯನ್ನುಗಳೆರಡನ್ನೂ ಜೋಡಿಯಾಗಿ ಬದಲಿಸಬೇಕಾಗುತ್ತದೆ.

ಇನ್ನು ಪ್ರೊಪೆಲರ್ ಶಾಫ್ಟು. ಅದನ್ನು ಕುರಿತು ಕೊಂಚ ವಿಸ್ತಾರವಾಗಿಯೇ ಹೇಳಬೇಕೆಂದು ನನ್ನ ಆಸೆ, ಏಕೆಂದರೆ ಗ್ಯಾರೇಜುಗಳಲ್ಲಿ ಅತಿ ಹೆಚ್ಚು ಅಪಾರ್ಥಕ್ಕೆ ಗುರಿಯಾಗುವುದು ಅದೇ. ಮೂವತ್ತು ಅಂಗುಲ ವ್ಯಾಸದ ಟೈರು ಗಂಟೆಗೆ 60 ಮೈಲಿ ವೇಗದಲ್ಲಿ ನಿಮಿಷಕ್ಕೆ ಸುಮಾರು 670 ಸುತ್ತು ಸುತ್ತುತ್ತದೆ. ಆಕ್ಸಲಿನ ಗೇರು ಅನುಪಾತ 3.73 ಇದ್ದರೆ ಶಾಫ್ಟು ಅದೇ ನಿಮಿಷದಲ್ಲಿ ಸುಮಾರು 2500 ಸುತ್ತು ಸುತ್ತುತ್ತಿರುತ್ತದೆ. ಆದುದರಿಂದ ಚಕ್ರದ ದೋಷವು ಸೀಟಿನಲ್ಲಿಯೂ ಸ್ಟಿಯರಿಂಗಿನಲ್ಲಿಯೂ ಎಣಿಸಬಹುದೆಂಬಷ್ಟು ನಿಧಾನವಾದ ಅದುರಾಗಿ ತೋರಿದರೆ, ಶಾಫ್ಟಿನ ದೋಷವು ಎಣಿಕೆಗೆ ಸಿಗದ ಗುಂಯ್‌ಕಾರವಾಗಿ ನೆಲಹಾಸಿನಿಂದ ಅಂಗಾಲಿಗೆ ಏರುತ್ತದೆ. ಶಾಫ್ಟಿನ ಎರಡು ತುದಿಗಳಲ್ಲಿರುವ ಯೂನಿವರ್ಸಲ್ ಜಾಯಿಂಟನ್ನು ನಮ್ಮ ಮೇಸ್ತ್ರಿಗಳು ಕ್ರಾಸು ಎನ್ನುತ್ತಾರಷ್ಟೆ. ಈ ಕ್ರಾಸಿಗೆ ಒಂದು ಹುಟ್ಟುಗುಣವುಂಟು. ಅದು ಬಾಗಿ ತಿರುಗುವಾಗ, ಒಳಬರುವ ಶಾಫ್ಟು ಸಮವೇಗದಲ್ಲಿ ತಿರುಗಿದರೂ ಹೊರಹೋಗುವ ಶಾಫ್ಟು ಪ್ರತಿಯೊಂದು ಸುತ್ತಿನಲ್ಲಿಯೂ ಎರಡು ಬಾರಿ ಮುಂದಾಗಿ ಎರಡು ಬಾರಿ ಹಿಂದಾಗುತ್ತದೆ. ಬಾಗು ಹೆಚ್ಚಿದಷ್ಟೂ ಈ ಏರಿಳಿತ ಹೆಚ್ಚು. ಆದ್ದರಿಂದಲೇ ಇನ್ನೊಂದು ತುದಿಯಲ್ಲಿ ಅಷ್ಟೇ ಬಾಗಿನ ಮತ್ತೊಂದು ಕ್ರಾಸನ್ನು ಇಟ್ಟು, ಮೊದಲನೆಯದು ಕೆಡಿಸಿದ ಸಮತೆಯನ್ನು ಎರಡನೆಯದು ಸರಿಪಡಿಸುವಂತೆ ಮಾಡಿದ್ದಾರೆ. ಎರಡು ಬಾಗುಗಳೂ ಸಮನಾಗಿರುವವರೆಗೆ ಎಲ್ಲವೂ ಶಾಂತ.

ಈ ಶಾಂತಿಯನ್ನು ಕೆಡಿಸುವವರು ಅನೇಕ ವೇಳೆ ಗಾಡಿಯ ಒಡೆಯರೇ. ಉತ್ತರ ಕ್ಯಾರೋಲೈನಾದ ಯುವಾರೀ ಅರಣ್ಯದ ಕಲ್ಲುದಾರಿಗಳಲ್ಲಿ ಓಡಿಸುವ ಆಸೆಯಿಂದಲೋ, ನೋಟಕ್ಕೆ ಚೆನ್ನೆಂದೋ, ಮೂರು ನಾಲ್ಕು ಅಂಗುಲ ಎತ್ತರಿಸುವ ಕಿಟ್ಟು ಹಾಕಿಸಿಕೊಂಡು, ಎತ್ತರಿಸಿದ ಮೇಲೆ ಶಾಫ್ಟಿನ ಬಾಗೂ ಪಿನಿಯನ್ನಿನ ಓರೆಯೂ ಏನಾದುವೆಂದು ಅಳೆಯದೆ ಬಿಟ್ಟ ಗಾಡಿಗಳಲ್ಲಿ, ಮೇಲೆ ಹೇಳಿದ ವೇಗದಲ್ಲಿ ಆ ಏರಿಳಿತವು ನಿಮಿಷಕ್ಕೆ ಐದು ಸಾವಿರ ಬಾರಿ ನಡುಗಿಸುತ್ತದೆ. ಅಂಥವರು ಟೈರು ಬದಲಿಸುತ್ತಾರೆ, ಬ್ಯಾಲೆನ್ಸು ಮಾಡಿಸುತ್ತಾರೆ, ಬೇರಿಂಗು ಹಾಕಿಸುತ್ತಾರೆ, ನಡುಕ ನಿಲ್ಲುವುದಿಲ್ಲ. ಬೇಕಾಗಿದ್ದುದು ಕೋನ ಅಳೆಯುವ ಅಗ್ಗದ ಸಾಧನವೊಂದು, ಅರ್ಧ ಗಂಟೆಯ ವ್ಯವಧಾನ. ಎತ್ತರಿಸದ ಗಾಡಿಯಲ್ಲಿಯಾದರೆ ಕ್ರಾಸು ತನ್ನ ಅವಸಾನವನ್ನು ಕ್ರಮವಾಗಿ ಸಾರುತ್ತದೆ. ಗ್ರೀಸು ಒಣಗಿದಾಗ ನಿಧಾನವಾಗಿ ಚಲಿಸುವ ಗಾಡಿಯಲ್ಲಿ ಚಿಕ್ ಚಿಕ್ ಎಂಬ ಸಣ್ಣ ಕೀಚಲು ವೇಗದೊಡನೆ ಚುರುಕಾಗುತ್ತ ಹೋಗುತ್ತದೆ, ಸೂಜಿ ಬೇರಿಂಗು ಸವೆದ ಮೇಲೆ ರಿವರ್ಸಿನಿಂದ ಮುಂದಿನ ಗೇರಿಗೆ ಹಾಕಿದಾಗ ಟಣ್ಣೆನ್ನುತ್ತದೆ, ಕೊನೆಗೆ ನಡುಕ. ಎಂಜಿನ್ನನ್ನು ಆರಿಸಿ, ಚಕ್ರಗಳಿಗೆ ಅಡ್ಡಗಲ್ಲಿಟ್ಟು, ಹ್ಯಾಂಡ್‌ಬ್ರೇಕು ಎಳೆದು, ಶಾಫ್ಟನ್ನು ಕೈಯಿಂದ ಹಿಡಿದು ಅಲ್ಲಾಡಿಸಿದರೆ ಕ್ರಾಸಿನಲ್ಲಿ ಆಟವಿದೆಯೋ ಇಲ್ಲವೋ ಯಾರಿಗಾದರೂ ತಿಳಿಯುತ್ತದೆ.

ತಿರುವಿನಲ್ಲಿ ಮಾತ್ರ ಕೇಳಿಸುವ ಸದ್ದುಗಳಿಗೆ ಕಾರಣ ಬೇರೆ ಬೇರೆ. ಬಲ ಕೊಟ್ಟು ಪೂರ್ತಿ ತಿರುಗಿಸುವಾಗ ಮುಂದಿನ ಚಕ್ರದಿಂದ ಟಕಟಕನೆ ಬರುವುದು ಆಕ್ಸಲಿನ ಹೊರತುದಿಯ ಸಿ.ವಿ. ಜಾಯಿಂಟಿನದು, ಅದರ ರಬ್ಬರು ಚೀಲ ಹರಿದು, ಒಳಗಿನ ಗ್ರೀಸು ಚಕ್ರದ ಒಳಮೈಗೆ ಎರಚಿಹೋಗಿ, ಧೂಳು ಒಳಸೇರಿರುವುದನ್ನು ಬಗ್ಗಿ ನೋಡಿದರೆ ಕಾಣಬಹುದು. ಇದಕ್ಕೂ ಹಿಂದಿನ ಆಕ್ಸಲಿನ ನರಳಿಕೆಗೂ ಸಂಬಂಧವಿಲ್ಲ. ನಮ್ಮವರ ಮನೆಗಳಲ್ಲಿ ಹೇರಳವಾಗಿ ಕಾಣುವ ಹೊಂಡಾ ಸಿ.ಆರ್.ವಿ.ಯ ಹಳೆಯ ಮಾದರಿಗಳಲ್ಲಿ ಹಿಂದಿನ ಡಿಫರೆನ್ಷಿಯಲ್ಲಿನೊಡನೆ ಎರಡು ಸಣ್ಣ ಪಂಪುಗಳಿದ್ದವು. ಒಂದನ್ನು ಪ್ರೊಪೆಲರ್ ಶಾಫ್ಟು, ಇನ್ನೊಂದನ್ನು ಹಿಂದಿನ ಚಕ್ರಗಳು ತಿರುಗಿಸುತ್ತಿದ್ದವು. ಮುಂದಿನ ಚಕ್ರಗಳು ಜಾರಿ ಎರಡರ ವೇಗದಲ್ಲಿ ಅಂತರ ಹುಟ್ಟಿದರೆ ಎಣ್ಣೆಯ ಒತ್ತಡವೇ ಕ್ಲಚ್ಚನ್ನು ಒತ್ತಿ ಹಿಂದಿನ ಚಕ್ರಗಳಿಗೆ ಬಲ ಕೊಡುತ್ತಿತ್ತು. ಆ ವಿಶೇಷ ಎಣ್ಣೆ ಹಳತಾದಾಗ ಪಾರ್ಕಿಂಗಿನ ಬಿಗಿಯಾದ ತಿರುವಿನಲ್ಲಿ ಗಾಡಿ ಹಿಂದಿನಿಂದ ನರಳುತ್ತದೆ. ಎಣ್ಣೆಯನ್ನು ಬದಲಿಸಿ, ಅದು ಎಲ್ಲ ಸಂದುಗಳಿಗೂ ಸೇರುವಂತೆ ಕೆಲವು ಸುತ್ತು ಹೊಡೆಸಿದರೆ ಸಾಮಾನ್ಯವಾಗಿ ನರಳಿಕೆ ನಿಲ್ಲುತ್ತದೆ. ಈ ಒಂದು ಸಂಗತಿಯನ್ನು ಅರಿಯದೆ ಇಡೀ ಡಿಫರೆನ್ಷಿಯಲ್ಲನ್ನು ಬದಲಿಸಲು ಒಪ್ಪುವುದು ದುಃಖದ ಮಾತು. ಟೊಯೋಟಾದ ಹೈಬ್ರಿಡ್ ರ್ಯಾವ್‌ಫೋರಿನಂಥವುಗಳಲ್ಲಾದರೋ ಹಿಂದಿನ ಚಕ್ರಗಳನ್ನು ಪ್ರತ್ಯೇಕ ವಿದ್ಯುತ್ ಮೋಟಾರು ತಿರುಗಿಸುವುದರಿಂದ ಪ್ರೊಪೆಲರ್ ಶಾಫ್ಟೇ ಇಲ್ಲ. ಅದನ್ನು ಕುರಿತ ಅನುಮಾನವನ್ನು ಅಲ್ಲಿ ಮೊದಲೇ ಬಿಟ್ಟುಬಿಡಬಹುದು.

ನೆಲಸೀಮೆಗೆ ತಕ್ಕಂತೆ ಕೇಡೂ ಬೇರೆಯಾಗುತ್ತದೆ. ವಾಷಿಂಗ್ಟನ್ನಿನ ರಸ್ತೆಗಳಲ್ಲಿ ಹಿಮದ ಮುನ್ಸೂಚನೆ ಬಂದೊಡನೆ ಎರೆಯುವ ಉಪ್ಪುನೀರು ಕ್ರಾಸಿನ ಟೋಪಿಗಳನ್ನೂ ಶಾಫ್ಟಿನ ಜಾರುಸಂದುಗಳನ್ನೂ ತಿನ್ನುತ್ತದೆ. ಗಾಡಿ ನಿಲ್ಲುವ ಕ್ಷಣದಲ್ಲಿ ಹಿಂದಿನಿಂದ ಯಾರೋ ತಟ್ಟಿದಂತೆ ಕೇಳಿಸಿದರೆ ಆ ಜಾರುಸಂದಿಗೆ ಗ್ರೀಸು ಬೇಕಾಗಿದೆಯೆಂದು ತಿಳಿಯಬಹುದು. ಉತ್ತರ ಕ್ಯಾರೋಲೈನಾದ ಕಡಲಂಚಿನಲ್ಲಿ 12ನೆಯ ಹೆದ್ದಾರಿಯ ಡಾಂಬರು ಕೊರೊಲಾದ ಉತ್ತರಕ್ಕೆ ಮುಗಿದುಹೋಗಿ ಮುಂದಕ್ಕೆ ಮರಳೇ ರಸ್ತೆಯಾಗುತ್ತದೆ. ಕಾಡುಕುದುರೆಗಳನ್ನು ಕಾಣಲು ಅಲ್ಲಿಗೆ ಹೋಗುವ ನಮ್ಮ ಸಂಸಾರಗಳು ಟೈರಿನ ಗಾಳಿಯನ್ನು ಇಳಿಸಿಕೊಳ್ಳುವುದನ್ನು ಕಲಿತಿವೆ. ಮರಳಿ ಬಂದ ದಿನವೇ ಗಾಡಿಯ ಅಡಿಯನ್ನು ಸಿಹಿನೀರಿನಿಂದ ತೊಳೆಯುವುದನ್ನು ಮಾತ್ರ ಇನ್ನೂ ಎಲ್ಲರೂ ಕಲಿತಿಲ್ಲ. ಬಿಸಿಯಾಗಿ ಓಡಿದ ಆಕ್ಸಲು ತಣ್ಣೀರಿನಲ್ಲಿ ಮುಳುಗಿದರೆ ಒಳಗಿನ ಗಾಳಿ ಕುಗ್ಗಿ ಉಸಿರುನಾಳದಿಂದಲೋ ಸೀಲಿನಿಂದಲೋ ನೀರನ್ನು ಹೀರಿಕೊಳ್ಳುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾದುದನ್ನು ಕಂಡರೆ ಒಂದು ದಿನವೂ ತಡಮಾಡಲಾಗದು. ಜಾರ್ಜಿಯಾದಲ್ಲಿ ಖಾಸಗಿ ಗಾಡಿಗಳಿಗೆ ವಾರ್ಷಿಕ ಸುರಕ್ಷಾ ತಪಾಸಣೆಯೇ ಇಲ್ಲ, ಅಟ್ಲಾಂಟಾ ಸುತ್ತಿನ 13 ಕೌಂಟಿಗಳಲ್ಲಿ ಹೊಗೆಯ ಪರೀಕ್ಷೆ ಮಾತ್ರ. ದಕ್ಷಿಣ ಕ್ಯಾರೋಲೈನಾದಲ್ಲಿ ಅದೂ ಇಲ್ಲ. ಹೀಗಾಗಿ ಅಲ್ಲಿಯವರು ತಮ್ಮ ಗಾಡಿಯ ಅಡಿಯನ್ನು ತಾವೇ ನೋಡಿಸಿಕೊಳ್ಳುವ ನಿಯಮವನ್ನು ಇಟ್ಟುಕೊಳ್ಳಬೇಕು.

ಜೀವಮಾನವೆಲ್ಲ ಬದಲಿಸಬೇಕಾಗಿಲ್ಲವೆಂದು ಕೆಲವು ತಯಾರಕರು ಹೇಳುವ ಎಣ್ಣೆಗಳ ವಿಷಯದಲ್ಲಿ ನನ್ನ ಅಭಿಪ್ರಾಯ ದೃಢವಾದುದು: ಯಂತ್ರದ ಜೀವಮಾನವೆಷ್ಟೆಂಬುದನ್ನು ಆ ಮಾತು ಹೇಳುವುದಿಲ್ಲ. ಡಿಫರೆನ್ಷಿಯಲ್ಲಿನ ಎಣ್ಣೆ ಬದಲಿಸುವ ವೆಚ್ಚ ಒಂದು ಕುಟುಂಬದ ಹೋಟೆಲೂಟದ ಸಮೀಪದ್ದು. ಎಣ್ಣೆ ಇಳಿಸುವಾಗ ಮುಚ್ಚಳದ ಅಯಸ್ಕಾಂತವನ್ನು ತೋರಿಸಿರೆಂದು ಮೆಕ್ಯಾನಿಕ್ಕನ್ನು ಕೇಳಿ ಪಡೆಯಿರಿ. ನುಣ್ಣನೆಯ ಬೂದಿಬಣ್ಣದ ಲೇಪವಿದ್ದರೆ ಅದು ಸಹಜವಾದ ಸವೆತ, ಚೂರುಗಳಾಗಲಿ ಚಕ್ಕೆಗಳಾಗಲಿ ಅಂಟಿದ್ದರೆ ಒಳಗೆ ಹಲ್ಲೋ ಬೇರಿಂಗೋ ಒಡೆಯುತ್ತಿದೆ. ಸದ್ದಡಗಿಸುತ್ತೇವೆಂದು ಡಬ್ಬಿಗಳಲ್ಲಿ ಮಾರುವ ದಪ್ಪನೆಯ ದ್ರಾವಣಗಳನ್ನು ಹೊಯ್ಯಿಸಿಕೊಳ್ಳಬಾರದು. ಅವು ಸಾಕ್ಷಿಯ ಬಾಯಿ ಕಟ್ಟುತ್ತವೆ, ಸವೆತವನ್ನು ನಿಲ್ಲಿಸುವುದಿಲ್ಲ.

ಗ್ಯಾರೇಜಿಗೆ ಹೋದಾಗ ಗಾಡಿಯ ಕೀಲಿಯನ್ನು ಕೊಟ್ಟು ಸದ್ದು ಬರುತ್ತಿದೆ ನೋಡಿ ಎಂದಷ್ಟೇ ಹೇಳಿ ಹಿಂತಿರುಗುವುದು ನಮ್ಮವರ ಸಂಕೋಚದ ಸ್ವಭಾವ. ಎತ್ತರಕ್ಕೆತ್ತಿದ ಗಾಡಿಯಲ್ಲಿ, ಭಾರವಿಲ್ಲದೆ ತಿರುಗುವ ಚಕ್ರಗಳಲ್ಲಿ, ಹೆದ್ದಾರಿಯ ವೇಗದಲ್ಲಿ ಹುಟ್ಟುವ ದನಿ ಹುಟ್ಟುವುದೇ ಇಲ್ಲವಾದ್ದರಿಂದ ಒಳ್ಳೆಯ ಮೆಕ್ಯಾನಿಕ್ಕೂ ಅಲ್ಲಿ ಊಹೆಯಿಂದಲೇ ನಡೆಯಬೇಕಾಗುತ್ತದೆ. ಆತನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹತ್ತು ನಿಮಿಷ ಓಡಿಸುತ್ತೇನೆಂದು ಕೇಳುವುದು ಅವಿನಯವಲ್ಲ. ಅಂಗಾಂಗಗಳಿಗೆ ಪುಟ್ಟ ಮೈಕುಗಳನ್ನು ಕಚ್ಚಿಸಿ ಓಡುತ್ತಿರುವಾಗಲೇ ಒಂದೊಂದನ್ನೂ ಕೇಳುವ ಉಪಕರಣಗಳು ಈಗ ಬಂದಿವೆ. ಅಂಥದ್ದಿದೆಯೇ ಎಂದು ವಿಚಾರಿಸಬಹುದು. ಯಾವ ಅಂಗ ಕೆಟ್ಟಿದೆಯೆಂಬುದಕ್ಕೆ ಕಣ್ಣಿಗೋ ಕಿವಿಗೋ ಪ್ರಮಾಣ ಕೊಡದೆ ದೊಡ್ಡ ಅಂಗವನ್ನು ಬದಲಿಸಬೇಕೆನ್ನುವವರಿಗೆ ಒಪ್ಪಿಗೆಯ ಸಹಿ ಹಾಕುವ ಮೊದಲು ಇನ್ನೊಂದು ಗ್ಯಾರೇಜಿನ ಮಾತು ಕೇಳತಕ್ಕದ್ದು.

ಆದರೆ ಕಾಯಬಾರದ ಸದ್ದುಗಳೂ ಉಂಟು. ದಿನದಿಂದ ದಿನಕ್ಕೆ ಬೆಳೆಯುವ ನಡುಕ, ಮುಟ್ಟಿದರೆ ಸುಡುವ ಚಕ್ರದ ನಡುಭಾಗ, ಲೋಹಕ್ಕೆ ಲೋಹ ಉಜ್ಜುವ ಕಿರುಚು, ತಿರುವಿನಲ್ಲಿ ಚಕ್ರವೇ ವಾಲಿದಂತಾಗುವುದು, ಇವುಗಳಲ್ಲಿ ಯಾವುದು ಕಂಡರೂ ಗಾಡಿಯನ್ನು ಬದಿಗೆ ಹಾಕಿ ನಿಲ್ಲಿಸಬೇಕು. ಹೆದ್ದಾರಿಯ ವೇಗದಲ್ಲಿ ಮುಂದಿನ ಕ್ರಾಸು ಮುರಿದು ಶಾಫ್ಟು ನೆಲಕ್ಕೆ ಬಿದ್ದರೆ ಒಳಗಿರುವವರ ಪ್ರಾಣಕ್ಕೂ ಹಿಂದೆ ಬರುವವರ ಪ್ರಾಣಕ್ಕೂ ಅಪಾಯ. ಆಗ ಕರೆಯುವ ಟೋ ಲಾರಿಯ ವಿಷಯದಲ್ಲಿಯೂ ಒಂದು ಮಾತನ್ನು ಮೊದಲೇ ಹೇಳಿರಬೇಕು: ಸದಾ ನಾಲ್ಕು ಚಕ್ರಗಳಿಗೂ ಬಲ ಹರಿಯುವ ಗಾಡಿಯ ಎರಡು ಚಕ್ರಗಳನ್ನು ಎತ್ತಿ ಇನ್ನೆರಡನ್ನು ನೆಲದ ಮೇಲೆ ಉರುಳಿಸಿಕೊಂಡು ಹೋದರೆ, ಉಳಿದಿದ್ದ ಟ್ರಾನ್ಸ್‌ಫರ್ ಕೇಸೂ ದಾರಿಯಲ್ಲಿಯೇ ಬೆಂದುಹೋಗುತ್ತದೆ, ಆದುದರಿಂದ ನಾಲ್ಕು ಚಕ್ರಗಳನ್ನೂ ಹೊತ್ತೊಯ್ಯುವ ಸಪಾಟು ಹಲಗೆಯ ಲಾರಿಯನ್ನೇ ಕಳುಹಿಸಿರೆಂದು, ಫೋನಿನಲ್ಲಿ ವಿಳಾಸ ಹೇಳುವುದಕ್ಕೆ ಮುಂಚೆಯೇ ಹೇಳಿಬಿಡಿ.